ಇಶ್ಯೂ ನಂಬರ್ 31



ಕಂಪನಿಲಿ ನಾನೇನ್ ಕೆಲಸ ಮಾಡ್ತೀನಿ ಅಂತ ಇನ್‌ಬಾಕ್ಸಲ್ಲಿ ತುಂಬಾ ಜನ ಕೇಳ್ತಾ ಇರ್ತೀರಿ. ನಮ್ಮವ್ವ ಕೇರಿಲಿ ಎಲ್ಲರ ಹತ್ರಾನೂ "ನನ್ ಮಗಳು ಮಿಷಿನ್ ಕಂಪನಿಲಿ ಆಫೀಸರ್" ಅಂತ ಹೇಳ್ಕೊಂಡ್ ಬಂದವ್ಳೆ. ಕಾರ್ಡಲ್ಲಿ ಪ್ರಾಡಕ್ಟ್ ಹೆಡ್ ಅಂತಿದೆ. ಮಿಷಿನ್ ಡಿಸೈನ್ ಮಾಡೋದು ನಾನಲ್ಲ, ಬೋಲ್ಟ್ ಬಿಗಿಯೋದು ನಾನಲ್ಲ, ಮಾರೋದೂ ನಾನಲ್ಲ. ಈ ಮಿಷಿನ್ ಯಾರಿಗೆ, ಏನ್ ಮಾಡ್ಬೇಕು, ಎಷ್ಟಕ್ಕೆ ಸಿಗ್ಬೇಕು, ಇದರಲ್ಲಿ ಏನೇನು ಬೇಡ ಅಂತ ತೀರ್ಮಾನ ಮಾಡೋದು ನನ್ನ ಕೆಲಸ. ಈ ಕೊನೇದೇ ದೊಡ್ಡದು. ದಿನಕ್ಕೆ ಹತ್ತು ಸಲ "ಸದ್ಯಕ್ಕೆ ಬೇಡ" ಅನ್ನೋದಕ್ಕೇ ನಂಗೆ ಸಂಬಳ ಬರೋದು.

ಕಂಪನಿ ಹೆಸರು ಬೇಡ. ಪಂಪು ಮಾಡೋ ಕಂಪನಿ. ಮೂರು ವರ್ಷದ ಹಿಂದೆ ಸಣ್ಣ ಊರುಗಳ ಯುಜಿಡಿಗೆ ಅಂತ ಒಂದು ಜೆಟ್ಟಿಂಗ್ ಗಾಡಿ ಮಾಡೋಣ ಅಂತಾಯ್ತು. ಗೊತ್ತಿಲ್ಲದವರಿಗೆ ಹೇಳ್ತೀನಿ: ಲಾರಿ ಮೇಲೆ ನೀರಿನ ಟ್ಯಾಂಕು, ಪಂಪು, ಉದ್ದನೆ ಹೋಸ್ ಪೈಪು. ಪೈಪಿನ ತುದೀಲಿ ನಾಝಲ್. ಅದರ ತೂತುಗಳಿಂದ ನೀರು ಹಿಂದಕ್ಕೆ ಚಿಮ್ಮುತ್ತೆ, ಆ ಒತ್ತಡಕ್ಕೆ ನಾಝಲ್ ತಾನೇ ಮುಂದಕ್ಕೆ ತೂರ್ಕೊಂಡು ಹೋಗುತ್ತೆ, ವಾಪಸ್ ಎಳೆಯುವಾಗ ಹೂಳು ಗುಂಡಿ ಕಡೆ ಬರುತ್ತೆ. ಮನುಷ್ಯ ಇಳಿಯೋ ಹಂಗಿಲ್ಲ. ಈ ಪ್ರಾಜೆಕ್ಟ್ ನಂಗೆ ಬೇಕು ಅಂತ ನಾನೇ ಕೇಳಿ ತಗೊಂಡೆ. ಯಾಕೆ ಅಂತ ಆಫೀಸಲ್ಲಿ ಯಾರಿಗೂ ಹೇಳಿರಲಿಲ್ಲ.

ಇಂಥ ಕೆಲಸ ಶುರು ಮಾಡೋವಾಗ ಮೊದಲು ಒಂದು ದಾಖಲೆ ಬರೀತೀವಿ. ಅದರಲ್ಲಿ "ಬಳಕೆದಾರ ಯಾರು" ಅಂತ ಒಂದು ಭಾಗ ಇರುತ್ತೆ. ಪುರಸಭೆ ಇಂಜಿನಿಯರ್ ಅಂತ ಬರೆದೆ, ಯಾಕಂದ್ರೆ ಟೆಂಡರ್ ಅವರದು. ಡ್ರೈವರ್ ಅಂತ ಬರೆದೆ, ಯಾಕಂದ್ರೆ ಸ್ವಿಚ್ ಅವನ ಕೈಲಿರುತ್ತೆ. ಗುಂಡಿ ಬಾಯಲ್ಲಿ ಕೂತು ಹೋಸ್ ಬಿಡೋನಿಗೆ ನಾನು ಒಂದು ಸಾಲೂ ಬರೀಲಿಲ್ಲ. ಅದು ನನ್ನದೇ ಕೈಬರಹ, ಬೇರೆ ಯಾರನ್ನೂ ಬೈಯೋಕಾಗಲ್ಲ.

ಮೊದಲ ಟ್ರಯಲ್ ಆದ್ಮೇಲೆ ದೋಷಗಳ ಪಟ್ಟಿ ಬಂತು. 31ನೇದು: "ನಾಝಲ್ ಪೈಪಿನೊಳಗೆ ಸಿಕ್ಕಿಕೊಂಡರೆ ಕೈಯಿಂದ ಬಿಡಿಸಬೇಕಾಗುತ್ತದೆ. ಆದ್ಯತೆ: ಕಡಿಮೆ." ಶುಕ್ರವಾರ ಸಂಜೆ, ಮನೆಗೆ ಹೋಗೋ ಅವಸರ. ಸರಿ ಅಂತ ಒತ್ತಿದೆ. ಕೈಯಿಂದ ಅಂದ್ರೆ ಯಾರ ಕೈ? ಲಾರಿ ಮೇಲೆ ನಿಂತೋನ ಕೈ ಹತ್ತು ಅಡಿ ಕೆಳಕ್ಕೆ ಹೋಗಲ್ಲ.

ನಮ್ ಚಿಕ್ಕಪ್ಪ ಗುಂಡಿಗೆ ಇಳೀತಿದ್ದ. ಗುತ್ತಿಗೆ ಕೆಲಸ. ಸೊಂಟಕ್ಕೆ ಹಗ್ಗ, ಇಳಿಯೋಕೆ ಮುಂಚೆ ಒಂದು ಕ್ವಾರ್ಟರ್. ಬಂದು ಲೈಫ್‌ಬಾಯ್ ಹಾಕಿ ಎಷ್ಟು ಉಜ್ಜಿಕೊಂಡ್ರೂ ಕೈಲಿ ಅನ್ನ ಕಲಸ್ತಿರಲಿಲ್ಲ, ಚಮಚದಲ್ಲೇ ತಿಂತಿದ್ದ. ನಮ್ಮನೇಲಿ ಚಮಚದಲ್ಲಿ ಊಟ ಮಾಡ್ತಿದ್ದೋನು ಅವನೊಬ್ಬನೇ. ನಾವು ಮಕ್ಕಳು ದೊರೆ ದೊರೆ ಅಂತ ನಗ್ತಿದ್ವಿ. ಗುಂಡಿಲಿ ಸಾಯಲಿಲ್ಲ ಅವನು. 44ನೇ ವಯಸ್ಸಿಗೆ ಮನೇಲಿ ಕೆಮ್ಮಿ ಕೆಮ್ಮಿ ಹೋದ. ಹಂಗಾಗಿ ಯಾವ ಲೆಕ್ಕಕ್ಕೂ ಬರಲ್ಲ.

ಎರಡನೇ ಟ್ರಯಲ್‌ಗೆ ನಾನೇ ಹೋದೆ. ಸಣ್ಣ ಪುರಸಭೆ, ಇಕ್ಕಟ್ಟಿನ ಗಲ್ಲಿ. ಅರ್ಧ ಗಂಟೇಲಿ ನಾಝಲ್ ಸಿಕ್ಕಿಕೊಳ್ತು. ಬಟ್ಟೆನೋ ಕಲ್ಲೋ, ಏನೋ. ಡ್ರೈವರ್ ರೀಲ್ ತಿರುಗಿಸಿ ಎಳೆದ, ಬರಲಿಲ್ಲ. ತಿರುಗಿ ನೋಡ್ತೀನಿ, ಗುಂಡಿ ಹತ್ರ ಇದ್ದ ಇಬ್ಬರಲ್ಲಿ ಚಿಕ್ಕೋನು ಆಗ್ಲೇ ಅಂಗಿ ಬಿಚ್ಚಿದ್ದ. ಯಾರೂ ಅವನಿಗೆ ಇಳಿ ಅಂದಿರಲಿಲ್ಲ. ಅದೇ ನನ್ನ ಹೊಟ್ಟೆಗೆ ಕಲ್ಲು ಹಾಕಿದಂಗಾಯ್ತು.

"ಏಯ್, ಬೇಡ!"

"ಎಲ್ಡೇ ನಿಮಿಷ ಮೇಡಂ. ವಾಸ್ನೆ ಏನಿಲ್ಲ, ಬುಡಿ."

ವಾಸನೆ ಇಲ್ಲ ಅನ್ನೋದೇ ಭಯ. ಹೈಡ್ರೋಜನ್ ಸಲ್ಫೈಡ್ ಕಮ್ಮಿ ಇದ್ರೆ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದ್ರೆ ಮೂಗೇ ಸತ್ತೋಗುತ್ತೆ, ಏನೂ ಗೊತ್ತಾಗಲ್ಲ. ಮೀಟರ್ ಬಿಟ್ರೆ ಬೇರೆ ದಾರಿ ಇಲ್ಲ. ಗಾಡೀಲಿ ಮೀಟರ್ ಇರಲಿಲ್ಲ. ಬೆಲೆ ಇಳಿಸೋಕೆ ಅಂತ ಗ್ಯಾಸ್ ಮೀಟರನ್ನ "ಬೇಕಿದ್ದರೆ ಮಾತ್ರ" ಪಟ್ಟಿಗೆ ಹಾಕಿದ್ದು ನಾನೇ.

ಅವತ್ತು ಯಾರನ್ನೂ ಇಳಿಸಲಿಲ್ಲ. ಗಲ್ಲಿ ಜನ ಬೈದರು, ಇಂಜಿನಿಯರ್ ಮುಖ ಗಂಟು ಹಾಕ್ಕೊಂಡರು. ಮಾರನೇ ದಿನ ಮುಂದಿನ ಗುಂಡಿಯಿಂದ ಇನ್ನೊಂದು ಗಾಡಿಯ ಹೋಸ್ ಬಿಟ್ಟು ಬಿಡಿಸಿದ್ವಿ. ಆ ಹುಡುಗನ ಹತ್ರ ಟೀ ಕುಡೀತಾ ಯಾವೂರು, ಯಾವ ಕೇರಿ ಅಂತ ಮಾತಾಯ್ತು. ನಂದೂ ಹೇಳಿದೆ. ಆಮೇಲೆ ಅವನು ಮೇಡಂ ಅನ್ನಲಿಲ್ಲ, ಅಕ್ಕಾ ಅಂದ.

ಸೋಮವಾರ ಮೀಟಿಂಗಲ್ಲಿ ಹೇಳಿದೆ: 31ನ್ನ ಮೊದಲನೇ ಆದ್ಯತೆಗೆ ತಗೊಳ್ಳಿ, ಅದು ಸರಿ ಹೋಗೋವರೆಗೆ ಗಾಡಿ ಫ್ಯಾಕ್ಟರಿಯಿಂದ ಹೊರಗೆ ಹೋಗಬಾರದು. ಮೇಲಿನವರೊಬ್ಬರು ಶಾಂತವಾಗಿಯೇ ಉತ್ತರ ಕೊಟ್ಟರು. ಮನುಷ್ಯರನ್ನ ಇಳಿಸೋದು ಕಾನೂನಲ್ಲಿ ನಿಷಿದ್ಧ, ಅಂದ್ಮೇಲೆ ಯಾರೂ ಇಳಿಯಲ್ಲ. ಯಾರೂ ಇಳಿಯದೇ ಇದ್ದಾಗ ಅದನ್ನ ತಡೆಯೋಕೆ ನಾವ್ಯಾಕೆ ಖರ್ಚು ಮಾಡಬೇಕು?

ನೋಡಿ, ನಾವು ಹೋರಾಡಿ ತಂದ ಕಾನೂನು ಎಲ್ಲಿ ಬಂದು ನಿಂತಿದೆ. ಮಲ ಹೊರುವ ಪದ್ಧತಿ ವಿರುದ್ಧ 1993ರಲ್ಲೇ ಕಾಯ್ದೆ ಬಂತು. 2013ರ ಕಾಯ್ದೇಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯದ ಕೆಲಸಕ್ಕೆ ಜನರನ್ನ ಹಚ್ಚಿದ್ರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲಾ 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ನಮ್ಮ ಕೆಜಿಎಫ್‌ನಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನದ ಕೇಸಲ್ಲಿ 2014ರ ಮಾರ್ಚಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಒಳಚರಂಡಿಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತು. 2023ರ ಅಕ್ಟೋಬರಲ್ಲಿ ಅದೇ ಕೋರ್ಟು ಅದನ್ನ 30 ಲಕ್ಷ ಮಾಡ್ತು. ಯಾರೂ ಇಳಿಯದ ಗುಂಡಿಲಿ ಸಾಯೋರಿಗೆ ಪರಿಹಾರ ಯಾಕೆ ಏರಿಸ್ತಾರೆ ಸ್ವಾಮಿ?

ಇಷ್ಟೆಲ್ಲ ಅಲ್ಲಿ ಹೇಳೋಕಾಗಲಿಲ್ಲ. ನನ್ನ ಬಾಯಿಂದ ಬಂದಿದ್ದು ಒಂದೇ: "ನಮ್ಮ ಚಿಕ್ಕಪ್ಪ ಇಳೀತಿದ್ದ." ಹನ್ನೆರಡು ವರ್ಷ ಆ ಕಂಪನಿಲಿ ಊಟಕ್ಕೆ ಕೂತಾಗ, ಹಬ್ಬದ ಮಾತು ಬಂದಾಗ, ಮನೆ ಬಾಡಿಗೆ ಮಾತು ಬಂದಾಗ ಬಚ್ಚಿಟ್ಟಿದ್ದು ಹಂಗೇ ಮೇಜಿನ ಮೇಲೆ ಬಿತ್ತು. ಎಲ್ಲರೂ ಲ್ಯಾಪ್‌ಟಾಪ್ ನೋಡ್ತಾ ಕೂತರು. ಎಸಿ ಸದ್ದು ಕೇಳಿಸ್ತಿತ್ತು. ಆಮೇಲೆ ಕಾಫಿ ಮಿಷಿನ್ ಹತ್ರ ಒಬ್ಬ ಸಹೋದ್ಯೋಗಿ ಮೆಲ್ಲಗೆ ಕೇಳಿದ, "ಹಂಗಾದ್ರೆ ನೀವು ಕೋಟಾದಲ್ಲಿ ಬಂದೋರಾ?" ಖಾಸಗಿ ಕಂಪನಿಲಿ ಕೋಟಾ ಎಲ್ಲಿದೆ ಮಾರಾಯ, ಇದ್ದಿದ್ರೆ ನಿನ್ನ ಪಕ್ಕ ಇನ್ನೂ ನಾಲ್ಕು ಜನ ನಮ್ಮೋರು ನಿಂತಿರೋರು ಅಂದೆ.

ಮೂರು ತಿಂಗಳು ಜಗಳ ಆಡಿದ ಮೇಲೆ ಗ್ಯಾಸ್ ಮೀಟರ್ ಗಾಡಿ ಜೊತೇಲೇ ಬರುತ್ತೆ ಅಂತಾಯ್ತು. ರೀಲಿಗೆ ಜೋರಾಗಿ ಎಳೆಯೋ ವಿಂಚ್ ಬಂತು. ಮೇಲಿಂದಲೇ ಇಳಿಬಿಡೋ, ತುಂಡು ತುಂಡಾಗಿ ಜೋಡಿಸೋ ಕೊಕ್ಕೆ ಕೋಲು ಬಂತು. ಬೆಲೆ ಏರಿತು, ಎರಡು ಟೆಂಡರ್ ಕೈತಪ್ಪಿತು. ಕಮ್ಮಿ ರೇಟು ಹಾಕಿದವರಿಗೆ ಹೋಯ್ತು, ಅವರ ಗಾಡೀಲಿ ಮೀಟರ್ ಇಲ್ಲ. ಟೆಂಡರಲ್ಲಿ ಕೇಳಿರಲಿಲ್ಲ, ಅವರು ಕೊಡಲಿಲ್ಲ, ಅಷ್ಟೇ ಲೆಕ್ಕ.

ಅದಕ್ಕೇ ಇದನ್ನ ಬರೀತಿರೋದು. ನಿಮ್ಮೂರಿನ ನಗರಸಭೆ, ಪುರಸಭೆ ಜೆಟ್ಟಿಂಗ್ ಗಾಡಿಗೆ ಕರೆದ ಟೆಂಡರ್ ಕಾಪಿ ಆರ್‌ಟಿಐ ಹಾಕಿ ತಗೊಳ್ಳಿ. ಟ್ಯಾಂಕ್ ಎಷ್ಟು ಲೀಟರ್, ಪಂಪ್ ಒತ್ತಡ ಎಷ್ಟು ಅಂತ ಪುಟಗಟ್ಟಲೆ ಇರುತ್ತೆ. ನಾಝಲ್ ಸಿಕ್ಕಿಕೊಂಡ್ರೆ ಏನು ಅಂತ ಒಂದು ಸಾಲಿದೆಯಾ ನೋಡಿ. ಇಲ್ಲದಿದ್ರೆ ಟೆಂಡರ್ ಆಗೋಕೆ ಮುಂಚೆನೇ ಅರ್ಜಿ ಕೊಡಿ. ಯಾರಾದ್ರೂ ಸತ್ತ ಮೇಲೆ ಧರಣಿ ಕೂರೋದು ನಮಗೆ ಚೆನ್ನಾಗಿ ಬರುತ್ತೆ, ಇದೂ ಬರಲಿ. ತಾಂತ್ರಿಕ ಭಾಷೆ ಅರ್ಥ ಆಗದಿದ್ರೆ ನಂಗೆ ಕಳಿಸಿ, ಕೂತು ಓದಿ ಹೇಳ್ತೀನಿ.

ಮೊನ್ನೆ ಆ ಹುಡುಗನ ಫೋನ್ ಬಂತು. "ಅಕ್ಕಾ, ನೀವ್ ಕೊಟ್ಟಿದ್ ಕೊಕ್ಕೆ ಬಾಗೋಯ್ತು. ಸರಿಯಾಗಿ ಕಚ್ಕಳಲ್ಲ ಅದು." ಇಳಿದ್ಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲಕ್ಕ" ಅಂದ. 31ನ್ನ ಮತ್ತೆ ತೆರೆದಿದ್ದೀನಿ. ಗುರುವಾರ ಹೊಸ ಕೊಕ್ಕೆ ತಗೊಂಡು ಆ ಊರಿಗೆ ಹೊರಟಿದ್ದೀನಿ.