ಬೆಳ್ಳಾರೆಯ ಮುರಕಲ್ಲಿನಿಂದ ಪರ್ವತದ ಶೋಲೆಗೆ

ಜನವರಿ. ಬೆಳ್ಳಾರೆ ಸುತ್ತಿನ ಗುಡ್ಡಗಳಲ್ಲಿ ಮುಳಿಹುಲ್ಲು ಒಣಗಿ ನಿಂತಿತ್ತು. ಮುರಕಲ್ಲಿನ ಮೇಲೆ ಗೇಣು ಮಣ್ಣಿಲ್ಲದ ಕಡೆಯೂ ಕೇಪಳ ಕೆಂಪಗೆ ಅರಳಿತ್ತು. ಕುಂಟುನೇರಳೆಯ ಎಲೆ ಬಾಡಿರಲಿಲ್ಲ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಎರಡನ್ನೂ ತಾಳಬಲ್ಲ ಗಿಡಕ್ಕೇ ಈ ಗುಡ್ಡ ಜಾಗ ಕೊಟ್ಟಿದೆ.

ಗುಡ್ಡ ಇಳಿದರೆ ಅಡಿಕೆ ತೋಟದ ತಂಪು. ಜೊತೆಗಿದ್ದ ಹಿರಿಯ ಕೃಷಿಕರು ತೋಡಿನ ಬದಿಯ ರಾಮಪತ್ರೆ, ಉಪ್ಪಾಗೆ, ಬೇಲಿಯಂಚಿನ ಪುನರ್ಪುಳಿಯನ್ನು ಮುಟ್ಟಿ ಮುಟ್ಟಿ ತೋರಿಸಿದರು. ದೊಡ್ಡ ಕಾಟುಮಾವಿನ ಬುಡದಲ್ಲಿ ನಿಂತು, “ಇದಕ್ಕೆ ನೀರು ಹಾಕಿದವರು ಯಾರು ಮಾರಾಯ್ರೆ? ಅಜ್ಜನ ಕಾಲದಿಂದ ಹಣ್ಣು ಕೊಡ್ತಾ ಉಂಟು” ಎಂದರು. ಒಂದೇ ಬೆಳೆಯನ್ನು ನಂಬಿದರೆ ಏನಾಗುತ್ತದೆಂದು ಸಂಪಾಜೆ, ಅರಂತೋಡು ಕಡೆಯ ತೋಟಗಳಿಗೆ ಅಡಿಕೆಯ ಹಳದಿ ಎಲೆ ರೋಗ ಕಲಿಸಿದೆ. ಆರೈಕೆ ಬೇಡದ ಈ ಮರಗಳ ಬೆಲೆ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಪಂಜದ ದಾರಿಯಾಗಿ ಸುಬ್ರಹ್ಮಣ್ಯ ಸೇರಿದೆ. ಕುಮಾರಧಾರೆಯಂಥ ಹೊಳೆಯ ದಡಕ್ಕೆ ಬೇರೆಯದೇ ಬಳಗ: ಹೊಂಗೆ, ಹೊಳೆದಾಸವಾಳ, ಓಟೆ. ನೆರೆಯಲ್ಲಿ ಮುಳುಗೆದ್ದರೂ ಬೇರು ಸಡಿಲಿಸದೆ ಮಣ್ಣು ಹಿಡಿಯುವವು ಇವು.

ಮರುದಿನ ನಸುಕಿಗೇ ಕುಮಾರಪರ್ವತದ ಏರು. ಗಿರಿಗದ್ದೆಯವರೆಗೆ ಬಿಸಿಲು ನೆಲ ಮುಟ್ಟದಷ್ಟು ದಟ್ಟ ಕಾಡು. ಘಟ್ಟದ ಬುಡದ ಇಂಥ ಕಾಡು ಧೂಪದ, ಕಿರಾಲ್‌ಬೋಗಿಯ ತವರು. ಅಲ್ಲಿಂದ ಮೇಲೆ ಮರಗಳು ಹಠಾತ್ತನೆ ಹಿಂದೆ ಸರಿದು ಹುಲ್ಲಿನ ಬೋರೆ, ಮುಖಕ್ಕೆ ರಾಚುವ ಗಾಳಿ. ಶೇಷಪರ್ವತ ದಾಟಿದರೆ ಮಡಿಲಿನಂಥ ತಗ್ಗಿನಲ್ಲಿ ಶೋಲೆ: ಕುಳ್ಳ ಮರಗಳು, ಕೊಂಬೆ ತುಂಬ ಹಾವಸೆ. 1,712 ಮೀಟರ್ ಎತ್ತರದ ತುದಿಯಿಂದ ನೋಡಿದರೆ ಬೆಳ್ಳಾರೆಯ ಕಡೆಯ ಗುಡ್ಡಗಳು ಮಬ್ಬಿನಲ್ಲಿ ಅಲೆಅಲೆಯಾಗಿ ಕಂಡವು. ಎರಡು ದಿನಕ್ಕೆ ಮುಗಿಯುವಷ್ಟು ದಾರಿಯಲ್ಲಿ ನಾಲ್ಕು ಹವೆ, ನಾಲ್ಕು ಸಸ್ಯಕುಲ!

ಹಾಗಾಗಿ ‘ನಮ್ಮೂರ ಗಿಡ ನೆಡಿ’ ಎಂದರಷ್ಟೇ ಸಾಲದು. ಊರಿನ ಯಾವ ಜಾಗಕ್ಕೆ ಯಾವ ಗಿಡ ಎಂದು ಕೇಳಬೇಕು. ಮುರಕಲ್ಲಿನ ಗುಡ್ಡಕ್ಕೆ ಕೇಪಳ, ತೋಡಿಗೆ ರಾಮಪತ್ರೆ, ಹೊಳೆದಡಕ್ಕೆ ಹೊಂಗೆ. ಪರ್ವತದ ಹುಲ್ಲಿನ ಬೋರೆಗೆ ಏನನ್ನೂ ನೆಡಬಾರದು. ಹುಲ್ಲೇ ಅಲ್ಲಿಯ ಕಾಡು. ಧೂಪ ಬೆಳೆಸುವ ಆಸೆಯಿದ್ದವರು ಮಳೆಗಾಲದ ಆರಂಭದಲ್ಲೇ ಬೀಜ ಹೆಕ್ಕಿ ಮಣ್ಣಿಗೆ ಹಾಕಬೇಕು. ಒಣಗಿದರೆ ಅದು ಮೊಳೆಯದು. ತಾಯಿಮರ ಎಲ್ಲಿದೆಯೆಂದು ಈಗಲೇ ನೋಡಿಟ್ಟುಕೊಳ್ಳೋಣ.