ಮೂರು ದೋಷಗಳು, ಒಂದು ದನಿ

ಫೋರ್ಟ್ ಎಂಬ ಹೆಸರಿನಲ್ಲಷ್ಟೇ ಕೋಟೆ ಉಳಿದಿದೆ. ಅದರ ಗೋಡೆಗಳನ್ನು 1860ರ ದಶಕದಲ್ಲೇ ಕೆಡವಲಾಯಿತು. ನಮ್ಮವರ ಪಾಲಿಗೆ ಫೋರ್ಟ್ ಎಂದರೆ ಉಡುಪಿ ಹೋಟೆಲುಗಳು, ಬ್ಯಾಂಕುಗಳು, ಕಚೇರಿಗಳು. ಎಲ್ಲಕ್ಕಿಂತ ಮಿಗಿಲಾಗಿ ಕನ್ನಡದ ರಾತ್ರಿಶಾಲೆಗಳು. ಹಗಲೆಲ್ಲ ಲೋಟ, ಬಸಿ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ದಾಟಿದ ಕಥೆ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಆ ಪೀಳಿಗೆಯ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಡುವ ಕೆಲಸವನ್ನು ನಾವು ಕೆಲವು ಗೆಳೆಯರು ಕೈಗೆತ್ತಿಕೊಂಡು ಕೆಲವು ವರ್ಷಗಳಾದವು. ಆ ದನಿಗಳೆಲ್ಲ ಇರುವುದು ಹಳೆಯ ಕಟ್ಟಡವೊಂದರ ಬಾಡಿಗೆ ಕೋಣೆಯಲ್ಲಿ, ಇಸ್ಪೀಟು ಕಟ್ಟಿನಷ್ಟೇ ದೊಡ್ಡದಾದ ಒಂದು ಗಣಕದಲ್ಲಿ.

ಅದು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಗಣಕವಿದ್ಯೆ ಕಲಿಸಲೆಂದು 2012ರಲ್ಲಿ ಹೊರಬಂದ ಈ ಹಲಗೆಯ ಮೂರನೆಯ ಪೀಳಿಗೆ ನಮ್ಮದು. ಸ್ಮೃತಿ ಕೇವಲ 1 ಜಿಬಿ. ಡಿಸ್ಕಿನ ಬದಲು ಉಗುರಗಲದ ಮೆಮೊರಿ ಕಾರ್ಡ್. ಒಳಗೆ ಅನಗತ್ಯವಾದುದನ್ನೆಲ್ಲ ಕಳಚಿ ಹಗುರಗೊಳಿಸಿದ ಲಿನಕ್ಸ್. ಕೋಣೆಗೆ ಬಂದವರು ತಮ್ಮ ಫೋನಿನಲ್ಲೇ ಹಿರಿಯರ ಮಾತು ಕೇಳಬಹುದು. ಪ್ರತಿ ರಾತ್ರಿ ಒಂದು ಪ್ರತಿ ಅಂತರಜಾಲದ ಮೂಲಕ ದೂರದ ಸರ್ವರ್ ಒಂದಕ್ಕೆ ಹೋಗಬೇಕೆಂಬುದು ಏರ್ಪಾಡು.

ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋಗುವುದರಿಂದ ಕೋಣೆಗೆ ಬೀಗ. ಜೂನ್ ಮಧ್ಯದಲ್ಲಿ ಮತ್ತೆ ತೆರೆದ ಮೇಲೆ ನಾವು ಧ್ವನಿಮುದ್ರಿಸಿದ ಮೊದಲ ಹಿರಿಯರು ಜುಲೈ ಮೊದಲ ವಾರದಲ್ಲಿ ತೀರಿಕೊಂಡರು. ಅವರ ಮಗಳು ಫೋನ್ ಮಾಡಿ, “ಅಪ್ಪ ಮಾತಾಡಿದ್ದು ನಿಮ್ಮಲ್ಲಿ ಇದೆಯಂತೆ. ಹದಿಮೂರನೆಯ ದಿನದೊಳಗೆ ಸಿಕ್ಕೀತೇ?” ಎಂದು ಕೇಳಿದರು. ಹೋಗಿ ನೋಡಿದರೆ ಕಡತದ ಹೆಸರಿದೆ, ದನಿ ಇಲ್ಲ. ದೂರದ ಪ್ರತಿಯಲ್ಲಂತೂ ಹೆಸರೂ ಇಲ್ಲ.

ನಾನು ಓದಿದ್ದು ಇಂಗ್ಲಿಷ್ ಎಂ.ಎ.; ಹೊಟ್ಟೆಪಾಡು ಕೇಂದ್ರ ಸರಕಾರದ ಕಡತಗಳೊಂದಿಗೆ. ಎರಡೂ ಕಲಿಸಿದ್ದು ಒಂದೇ: ಷರಾ ಬರೆಯುವ ಮುನ್ನ ಮೊದಲ ಪುಟದಿಂದ ಓದಬೇಕು. ಲಿನಕ್ಸ್ ತನಗಾದುದನ್ನೆಲ್ಲ ಲಾಗಿನಲ್ಲಿ ಸಾಲುಸಾಲಾಗಿ ಬರೆದಿಡುತ್ತದೆ. ಅಂದು ಸಂಜೆ ಅದನ್ನೇ ಓದುತ್ತ ಕುಳಿತೆ.

ಕೊನೆಯ ಸಾಲುಗಳು ಕಾರ್ಡಿನದು. ಕೆಲವು ಭಾಗಗಳನ್ನು ಓದಲಾಗುತ್ತಿಲ್ಲ, ಆದ್ದರಿಂದ ಕಡತವ್ಯವಸ್ಥೆಯನ್ನು ‘ಓದಲು ಮಾತ್ರ’ ಸ್ಥಿತಿಗೆ ತಂದಿದ್ದೇನೆ ಎಂದು ಗಣಕ ಬರೆದಿತ್ತು. ಹೊಸದೇನನ್ನೂ ಅದು ಉಳಿಸಿಕೊಳ್ಳುತ್ತಿಲ್ಲವೆಂದು ಗೆಳೆಯರು ದೂರುತ್ತಿದ್ದುದರ ಗುಟ್ಟು ಇದು. ಅದು ಹಟವಲ್ಲ, ಉಳಿದುದನ್ನು ಕಾಯುವ ಎಚ್ಚರ. ಇಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಆರಿಸಿ ಹೊತ್ತಿಸುವುದಾಗಲಿ, ಮೂಲ ಕಾರ್ಡಿನ ಮೇಲೆಯೇ ದುರಸ್ತಿ ನಡೆಸುವುದಾಗಲಿ ಕೂಡದು.

ಕಾರ್ಡ್ ಕೆಟ್ಟದ್ದೇಕೆ? ಉತ್ತರ ಇನ್ನೂ ಹಿಂದಿನ ಪುಟಗಳಲ್ಲಿತ್ತು. ವೋಲ್ಟೇಜ್ ತಗ್ಗಿದೆ ಎಂಬ ಸಾಲು ಜಪದಂತೆ ಮರುಕಳಿಸಿತ್ತು. ಪೈಗೆ ಬೇಕಾದದ್ದು 5.1 ವೋಲ್ಟ್, 2.5 ಆಂಪಿಯರ್, 4.63 ವೋಲ್ಟಿಗಿಂತ ಕೆಳಗಿಳಿದರೆ ಅದರ ಕೆಂಪು ದೀಪವೂ ಆರುತ್ತದೆ. ಮೂಲ ಅಡಾಪ್ಟರ್ ಎಲ್ಲೋ ಹೋಗಿ, ಅದರ ಜಾಗಕ್ಕೆ ಫೋನಿನ ಚಾರ್ಜರೂ ಉದ್ದನೆಯ ತೆಳು ಕೇಬಲ್ಲೂ ಬಂದಿದ್ದವು. ಬರೆಯುತ್ತಿರುವಾಗ ವಿದ್ಯುತ್ತು ತಗ್ಗಿದರೆ ಕಾರ್ಡ್ ಕೆಡುವುದು ಸಾಮಾನ್ಯ. ಸಣ್ಣ ಗಣಕಗಳ ಎಷ್ಟೋ ಕಾಯಿಲೆಗಳಿಗೆ ಮೂಲ ಈ ಅರೆಹೊಟ್ಟೆಯೇ.

ದೂರದ ಪ್ರತಿ ನಿಂತದ್ದು ಏಕೆ? ಲಾಗ್ ಹೇಳುತ್ತಿದ್ದುದು ಸಂಪರ್ಕದ ಸೋಲನ್ನು. ಜಾಲವೋ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಗಡಿಯಾರ. ಪೈ 3ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಆರಿಹೋದಾಗಿನ ಹೊತ್ತಿನಿಂದಲೇ ಮತ್ತೆ ಎಣಿಕೆ ಆರಂಭಿಸಿ, ಜಾಲದಲ್ಲಿ ಸಮಯ ಕೇಳಿ ತಿದ್ದಿಕೊಳ್ಳುತ್ತದೆ. ಕಟ್ಟಡದ ಹೊಸ ರೂಟರ್ ಆ ಪ್ರಶ್ನೆಯನ್ನು ಹೊರಗೆ ಬಿಡುತ್ತಿರಲಿಲ್ಲ. ಹೀಗಾಗಿ ಜೂನಿನಲ್ಲೂ ನಮ್ಮ ಗಣಕಕ್ಕೆ ಏಪ್ರಿಲ್. ಅತ್ತ ಸರ್ವರ್ ತೋರಿಸಿದ ಭದ್ರತಾ ಪ್ರಮಾಣಪತ್ರ ಜೂನಿನಿಂದ ಜಾರಿಗೆ ಬಂದದ್ದು. ಇನ್ನೂ ಹುಟ್ಟದ ಪತ್ರವನ್ನು ನಂಬಲಾರೆನೆಂದು ಗಣಕ ಪ್ರತಿರಾತ್ರಿ ಹಿಂದಿರುಗುತ್ತಿತ್ತು. 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೂ 39 ನಿಮಿಷ ಹಿಂದಿದ್ದ ‘ಬಾಂಬೆ ಟೈಮ್’ ಅನ್ನು 1955ರವರೆಗೆ ಬಿಡದ ಊರು ಇದು. ನಮ್ಮ ಗಣಕ ಅದನ್ನೂ ಮೀರಿಸಿತ್ತು!

ಪರಿಹಾರಗಳು ಸರಳ. ಸರಿಯಾದ ಅಡಾಪ್ಟರ್, ಲ್ಯಾಮಿಂಗ್ಟನ್ ರೋಡಿನಿಂದ ತಂದ ಗುಂಡಿ ಸೆಲ್ಲಿನ ಪುಟ್ಟ ಗಡಿಯಾರ, ಹೊಸ ಕಾರ್ಡ್. ಹಳೆಯ ಕಾರ್ಡನ್ನು ಮಾತ್ರ ಬೇರೊಂದು ಗಣಕಕ್ಕೆ ಹಾಕಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಅದರ ನಕಲು ತೆಗೆಯತೊಡಗಿದೆ. ಸುಲಭವಾಗಿ ಓದಲಾಗುವುದನ್ನು ಅದು ಮೊದಲು ಎತ್ತಿಕೊಳ್ಳುತ್ತದೆ. ಹಟ ಮಾಡುವ ಭಾಗಗಳಿಗೆ ಆಮೇಲೆ ಮತ್ತೆ ಮತ್ತೆ ಮರಳುತ್ತದೆ. ರಾತ್ರಿಯಿಡೀ ನಡೆಯಿತು. ಬೆಳಗ್ಗೆ ಆ ನಕಲಿನ ಮೇಲೆ ದುರಸ್ತಿ ನಡೆಸಿದಾಗ ಹಿರಿಯರ ನಲವತ್ತು ನಿಮಿಷಗಳ ಮಾತು ಕೇಳಿಸಿತು. ಜೊತೆಗೆ ಓದಿದವರ ಹೆಸರು ಹೇಳುವ ಕಡೆ ಹನ್ನೊಂದು ಸೆಕೆಂಡು ಮಾತ್ರ ಏನೂ ಇಲ್ಲ. ಆ ಮೌನವನ್ನು ಕತ್ತರಿಸಿ ಎರಡು ತುದಿಗಳನ್ನು ಕೂಡಿಸಿಬಿಡೋಣವೆಂದು ಗೆಳೆಯರೊಬ್ಬರು ಸೂಚಿಸಿದರು. ಮಗಳು, “ಬೇಡ, ಅಲ್ಲಿ ಯಾರೋ ಇದ್ದರೆಂದಾದರೂ ತಿಳಿಯಲಿ” ಎಂದರು.

ಕನ್ನಡದ ದನಿಯನ್ನು ಇಂಥ ಪುಟ್ಟ ಲಿನಕ್ಸ್ ಗಣಕದಲ್ಲಿ ಇಡುವ ಆಸೆ ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್, ಅಕ್ಷರ ಬಾರದವನೂ ಬಳಸಬಲ್ಲ ಅಂಗೈ ಗಣಕವಾಗಬೇಕೆಂದಿತ್ತು. ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಅದಕ್ಕಾಗಿಯೇ ಹುಟ್ಟಿತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಬಿಇಎಲ್ ಅದನ್ನು ತಯಾರಿಸಿತಾದರೂ ಮಾರುಕಟ್ಟೆ ಒಲಿಯಲಿಲ್ಲ. ಆದರೆ ಅಗ್ಗದ ಯಂತ್ರವೊಂದು ಸಾಮಾನ್ಯನ ಮಾತಿಗೆ ನೆಲೆಯಾಗಬೇಕೆಂಬ ಆ ವಿಚಾರ ಸೋತಿತೆಂದು ನನಗನ್ನಿಸುವುದಿಲ್ಲ. ಗುಜರಾತಿನಲ್ಲೋ ದೆಹಲಿಯಲ್ಲೋ ನಿಮ್ಮ ಸಂಘದ ಹಿರಿಯರ ಮಾತನ್ನು ಉಳಿಸಲು ಇಂದು ಕೆಲವು ಸಾವಿರ ರೂಪಾಯಿ ಸಾಕು. ಆದರೆ ದೂರದ ಪ್ರತಿ ನಿಜವಾಗಿ ತಲಪಿದೆಯೇ ಎಂದು ವಾರಕ್ಕೊಮ್ಮೆ ತೆರೆದು ಕೇಳಬೇಕು. ಆ ಕೆಲಸ ಯಂತ್ರದ್ದಲ್ಲ, ನಮ್ಮದು. ನಮ್ಮ ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಹಿರಿಯರಿದ್ದಾರೆ, ಕಿರಿಯವರಿಗೆ ಎಪ್ಪತ್ತೊಂಬತ್ತು.