ಕುರಿ ಕಾಯುವುದಕ್ಕೂ ಓದು ಬೇಕು

"ಓದದೇ ಹೋದ್ರೆ ಕುರಿ ಕಾಯೋಕೆ ಹೋಗು!" ಅಂಕಪಟ್ಟಿ ಮನೆಗೆ ಬಂದ ದಿನ ಈ ಮಾತು ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ಕಡಿಮೆ. ಅಪ್ಪನ ಬಾಯಿಂದ ತಪ್ಪಿದರೆ ಮೇಷ್ಟ್ರ ಬಾಯಿಂದ ಬಂದೇ ಬರುತ್ತದೆ. ಈ ಬೈಗುಳದ ಹಿಂದೆ ಒಂದು ನಂಬಿಕೆಯಿದೆ. ಕುರಿ ಕಾಯಲು ಏನನ್ನೂ ಕಲಿಯಬೇಕಾಗಿಲ್ಲ, ಕೈಯಲ್ಲೊಂದು ಕೋಲು, ಹೆಗಲ ಮೇಲೊಂದು ಕಂಬಳಿ ಇದ್ದರೆ ಸಾಕು ಎಂಬುದು ಆ ನಂಬಿಕೆ. ಆ ಕಂಬಳಿ ಹೆಗಲಿಗೆ ಬಂದದ್ದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮದ್ದೂರು ತಾಲ್ಲೂಕಿನ ನಿಡಘಟ್ಟ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲಿನ ಊರು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಕಾಮಗಾರಿಯನ್ನು ಎರಡು ಪಾಲು ಮಾಡಿದಾಗ ನಡುವಿನ ಗಡಿಯಾದದ್ದು ಇದೇ ಊರು. ಈ ಸೀಮೆಯಲ್ಲಿ ಕುರಿ ಎಂದರೆ ಬಂಡೂರು ಕುರಿ. ಪಕ್ಕದ ಮಳವಳ್ಳಿ ತಾಲ್ಲೂಕಿನ ಬಂಡೂರಿನಿಂದ ಹೆಸರು ಪಡೆದ ತಳಿ. ಬನ್ನೂರು ಕುರಿ, ಮಂಡ್ಯ ಕುರಿ ಎಂದೂ ಕರೆಯುತ್ತಾರೆ. ಗಿಡ್ಡ ಕಾಲು, ದುಂಡನೆಯ ತುಂಬಿದ ಮೈ, ಕೊಂಬಿಲ್ಲದ ತಲೆ. ಮಾಂಸದ ರುಚಿಗೆ ದೂರದೂರದವರೆಗೆ ಹೆಸರು ಮಾಡಿದ ಕುರಿ ಇದು.

ಇಂಥ ಕುರಿ ಸಾಕಿದ ಮನೆಯ ಮಗು ಶಾಲೆಯಲ್ಲಿ 'ಕುರಿಯಿಂದ ಉಣ್ಣೆ ದೊರೆಯುತ್ತದೆ' ಎಂದು ಓದಿ, ಕೊಟ್ಟಿಗೆಗೆ ಹೋಗಿ ನೋಡಿದರೆ ಗೊಂದಲವಾಗುವುದು ಸಹಜ. "ಅವ್ವ, ನಮ್ಮ ಕುರಿ ಉಣ್ಣೆ ಯಾಕೆ ಮಾರಲ್ಲ?" ಎಂದು ಕೇಳಿದರೆ, "ಅದ್ರಲ್ಲೇನದೆ ಕಣ್ ಮಗ, ಬರೀ ಕೂದ್ಲು" ಎಂಬ ಉತ್ತರ ಬರುತ್ತದೆ. ಅವ್ವ ಹೇಳಿದ್ದು ಸರಿ. ಬಂಡೂರು ಕುರಿಯ ಮೈಮೇಲಿರುವುದು ಒರಟು ಕೂದಲು. ಅದನ್ನು ಉಣ್ಣೆಗಾಗಿ ಸಾಕುವುದಿಲ್ಲ. ಉಣ್ಣೆಯ ಮೊದಲ ಪಾಠವೇ ಇದು: ಎಲ್ಲ ಕುರಿಯೂ ಉಣ್ಣೆಯ ಕುರಿಯಲ್ಲ.

ಹಾಗಾದರೆ ಉಣ್ಣೆಯ ಕುರಿ ಯಾವುದು? ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಹೊಲಗದ್ದೆಗಳಲ್ಲಿ ಕುರಿಮಂದೆ ಹಾಕಿಸುವ ವಾಡಿಕೆ ರಾಜ್ಯದ ಅನೇಕ ಕಡೆ ಇದೆ. ಹಾಗೆ ಊರೂರು ಅಲೆಯುವ ಮಂದೆಗಳಲ್ಲಿ ಕಪ್ಪು ತುಪ್ಪಟದ ಕುರಿಗಳನ್ನು ಕಾಣಬಹುದು. ಉತ್ತರದ ಬಯಲುಸೀಮೆಯ ದಖ್ಖನಿ, ಬಳ್ಳಾರಿ ತಳಿಗಳು ಇಂಥವು. ಕರ್ನಾಟಕದ ಕಂಬಳಿಗೆ ಮೂಲ ಇವೇ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕಿಲೋ ಉಣ್ಣೆ ಸಿಗುವುದು ಕಷ್ಟ. ಎಳೆಯೂ ಒರಟು. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಸ್ವೆಟರಿಗೆ ಬಳಸುವ ಮೆರಿನೊ ಉಣ್ಣೆಯ ಎಳೆ ಸುಮಾರು 20 ಮೈಕ್ರಾನ್ ದಪ್ಪವಿದ್ದರೆ, ದಖ್ಖನಿಯದು ಅದರ ಒಂದೂವರೆ ಪಟ್ಟಿಗೂ ಹೆಚ್ಚು. ಅದರಿಂದ ಸ್ವೆಟರ್ ಹೆಣೆದರೆ ಮೈ ಚುಚ್ಚೀತು. ಕಂಬಳಿ ನೇಯ್ದರೆ ವರ್ಷಗಟ್ಟಲೆ ಬಾಳೀತು.

ಇನ್ನು ಕೆಲಸ. ಕತ್ತರಿ ಹಾಕುವ ಮುನ್ನ ಕುರಿಯನ್ನು ಕೆರೆಯಲ್ಲೋ ಹಳ್ಳದಲ್ಲೋ ಮೀಯಿಸಿ, ಮೈ ಪೂರ್ತಿ ಒಣಗುವವರೆಗೆ ಕಾಯಬೇಕು. ಒದ್ದೆ ಉಣ್ಣೆಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಮಣ್ಣಿನ ಮೇಲಲ್ಲ, ಹಾಸಿದ ಬಟ್ಟೆಯ ಮೇಲೆ ಕತ್ತರಿಸಬೇಕು. ಒಂದೇ ಜಾಗಕ್ಕೆ ಎರಡು ಸಲ ಕತ್ತರಿ ಆಡಿಸಿದರೆ ಎಳೆ ತುಂಡಾಗಿ ನೂಲಲು ಬಾರದು. ಹೊಟ್ಟೆ ಮತ್ತು ಕಾಲಿನ ಕೊಳಕು ಉಣ್ಣೆ ಬೇರೆ, ಬೆನ್ನು ಮತ್ತು ಭುಜದ ಒಳ್ಳೆಯ ಉಣ್ಣೆ ಬೇರೆ. ಕರಿಯದು ಬೇರೆ, ಬಿಳಿಯದು ಬೇರೆ. ಮರಿಯ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಯನ್ನಂತೂ ಬೇರೆಯದರ ಜೊತೆ ಬೆರೆಸಲೇಬಾರದು. ಉತ್ತರಾಣಿ ಬೀಜ, ಮುಳ್ಳು ಹೆಕ್ಕಿ ತೆಗೆಯಬೇಕು. ಕಲಬೆರಕೆ ಚೀಲಕ್ಕೆ ವ್ಯಾಪಾರಿ ಕೊಡುವುದು ಅದರಲ್ಲಿರುವ ಅತಿ ಕೀಳು ಉಣ್ಣೆಯ ಬೆಲೆಯನ್ನೇ. ಬೇರೆ ಮಾಡಿದ್ದರೆ ಒಳ್ಳೆಯದಕ್ಕೆ ಒಳ್ಳೆಯ ಬೆಲೆ ಕೇಳಬಹುದು. ಉಣ್ಣೆಯ ವ್ಯಾಪಾರ ಶುರುವಾಗುವುದು ಸಂತೆಯಲ್ಲಲ್ಲ, ಕತ್ತರಿ ಹಾಕುವ ಜಾಗದಲ್ಲೇ.

ಮುಂದಿನದು ಹಿಂಜುವುದು, ರಾಟೆಯಲ್ಲಿ ನೂಲುವುದು. ನೂಲುವ ಕೈ ಹೆಚ್ಚಾಗಿ ಹೆಂಗಸರದು. ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡಿ ಮಗ್ಗಕ್ಕೇರಿಸುತ್ತಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಈ ಕಂಬಳಿಗೆ ಹೆಸರಾದ ಊರು. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಮಳೆಯಲ್ಲಿ ಕಂಬಳಿ ಹೊದ್ದು ನಿಂತ ಕುರಿಗಾಹಿ ಬೆಚ್ಚಗಿರುವ ಗುಟ್ಟು ಅದೇ.

ಇಷ್ಟೆಲ್ಲ ಇದ್ದೂ ಇಂದು ದಖ್ಖನಿ ಉಣ್ಣೆಗೆ ಕೊಳ್ಳುವವರಿಲ್ಲ. ಪಾಣಿಪತ್ತಿನಲ್ಲಿ ಹಳೆಯ ಉಡುಪು ಹಿಂಜಿ ನೇಯ್ದ ಅಗ್ಗದ ಹೊದಿಕೆ, ಕೃತಕ ನೂಲಿನ ನುಣುಪು ಬ್ಲಾಂಕೆಟ್ ಹಳ್ಳಿಯ ಸಂತೆಗೂ ಬಂದಿವೆ. ಉಣ್ಣೆಯ ಬೆಲೆಗಿಂತ ಕತ್ತರಿಸುವ ಕೂಲಿಯೇ ಹೆಚ್ಚಾಗಿ, ಕತ್ತರಿಸಿದ್ದನ್ನು ಹೊಲದಲ್ಲೇ ಬಿಸಾಡುವವರೂ ಇದ್ದಾರೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿವೆ. ಕುರಿಗೆ ಬರವಿಲ್ಲ, ಬರ ಬಂದಿರುವುದು ಉಣ್ಣೆ ಬಲ್ಲವರಿಗೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಒಂದು ಕತ್ತರಿಗೆ ಕುರಿಗೆ ಕಾಲು ಕಿಲೋ ಎಂದು ಹಿಡಿದರೆ, 40 ಕುರಿಯ ಮಂದೆಯಿಂದ 10 ಕಿಲೋ. ಅಷ್ಟಕ್ಕಾಗಿ ವ್ಯಾಪಾರಿ ಊರಿಗೆ ಬರುವುದಿಲ್ಲ. ಹೊತ್ತುಕೊಂಡು ಹೋದರೆ ಬಸ್ ಚಾರ್ಜೂ ಹುಟ್ಟುವುದಿಲ್ಲ. 50 ಮಂದೆಯವರು ಒಂದೇ ಬಗೆಯಲ್ಲಿ ವಿಂಗಡಿಸಿ ಕೂಡಿಹಾಕಿದರೆ 500 ಕಿಲೋ ಆಗುತ್ತದೆ. ಆಗ ಚೌಕಾಶಿ ಮಾಡುವ ಬಲ ಮಾರುವವರಿಗೆ ಬರುತ್ತದೆ. ಸಹಕಾರ ಸಂಘ ಎಂಬುದರ ಅರ್ಥವನ್ನು ಇದಕ್ಕಿಂತ ಸರಳವಾಗಿ ಯಾವ ಪುಸ್ತಕ ತಿಳಿಸೀತು?

ಕಲಿಯಲು ಜಾಗಗಳೂ ಇವೆ. 1962ರಲ್ಲಿ ಆರಂಭವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ರಾಜಸ್ಥಾನದ ಅವಿಕಾನಗರದಲ್ಲಿದೆ. ಕರ್ನಾಟಕದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಪಶುಸಂಗೋಪನೆಯ ಡಿಪ್ಲೊಮಾ ಇದೆ. ಆದರೆ ಎಳೆ ಮುಟ್ಟಿ ಗುಣ ಹೇಳುವ ಬೆರಳಿನ ವಿದ್ಯೆ ಇರುವುದು ಬಯಲುಸೀಮೆಯ ಹಟ್ಟಿಗಳ ಅಜ್ಜ ಅಜ್ಜಿಯರಲ್ಲಿ. ಅವರ ಮೊಮ್ಮಕ್ಕಳು ಕಾಲೇಜಿಗೆ ಹೋಗುತ್ತಿರುವುದು ಸಂತೋಷ. ಅಜ್ಜಿಯ ವಿದ್ಯೆ ಕಾಲೇಜಿನ ಓದಿನ ಜೊತೆ ಸೇರದೆ ಹೋದರೆ ನಷ್ಟ ಎರಡಕ್ಕೂ.

ನಿಡಘಟ್ಟದಂಥ ಊರಿನ ಮನೆಯಲ್ಲೂ ಮಾಡಬಹುದಾದ ಒಂದು ಪಾಠವಿದೆ. ಮುಂದಿನ ಸಲ ಕಂಬಳಿ ಕೊಳ್ಳುವಾಗ ಅಂಚಿನಿಂದ ಒಂದು ಎಳೆ ಕಿತ್ತು, ದೊಡ್ಡವರ ಎದುರಿನಲ್ಲೇ, ಬೆಂಕಿಗೆ ಹಿಡಿದು ನೋಡಲು ಮಕ್ಕಳಿಗೆ ಹೇಳಿ. ಕರಗಿ ಗಟ್ಟಿ ಮಣಿಯಾದರೆ ಅದು ಕೃತಕ ನೂಲು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ.